ಅಮಾವಾಸ್ಯೆಗೆ ಹೊರಟ ಹಡಗು

ಬೇರೆಯವರಿಗೆ ನಗೆಪಾಟಲಿನ ಪ್ರಸಂಗಗಳು ರಜಾದಿನಗಳಲ್ಲಿ, ಮದುವೆ ಮನೆಗಳಲ್ಲಿ ನಡೆಯುತ್ತವೆ. ನನಗೆ ಮಾತ್ರ ಆಫೀಸಿನ ವೇಳೆಯಲ್ಲಿ, ಸಂಬಳ ಸಹಿತ ನಡೆಯುತ್ತಿದ್ದವು. ಪೂರ್ವ ಲಂಡನ್ನಿನ ಒಂದು ಕೌನ್ಸಿಲ್‌ನಲ್ಲಿ ನಾನು ರಸ್ತೆ ವಿಭಾಗದ ಎಂಜಿನಿಯರ್ ಆಗಿದ್ದ ವರ್ಷಗಳಲ್ಲಿ ಇಂಥವು ಎಷ್ಟು ನಡೆದುವೆಂದರೆ, ಸಂಜೆ ಪಿನ್ನರ್ ಬಡಾವಣೆಯ ಮನೆಗೆ ಬಂದು ನಾನು ಚಪ್ಪಲಿ ಬಿಡುವಾಗ ನಮ್ಮ ಯಜಮಾನರು "ಇವತ್ತೇನಾಯ್ತು?" ಅಂತ ಕೇಳುವುದನ್ನೇ ಬಿಟ್ಟಿದ್ದರು. ಮುಖ ನೋಡಿ ಸುಮ್ಮನೆ ಚಹಾಕ್ಕೆ ನೀರಿಡುತ್ತಿದ್ದರು. ಈಗ ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಡೆಯುವಾಗ ಮಾತ್ರ ನನಗೆ ಅಳು ಬರುತ್ತಿತ್ತು. ಅದರಲ್ಲೂ ಆ ಹಡಗಿನ ವರ್ಷ ನಾನು ಅತ್ತಷ್ಟು ತವರು ಬಿಟ್ಟು ಬರುವಾಗಲೂ ಅತ್ತಿರಲಿಲ್ಲ.

ನೀವೇನು ಮಾಡ್ಕೊಂಡಿದೀರಿ?

ಎಜ್‌ವೇರ್‌ನಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ಯುಗಾದಿ ಊಟ. ಲಂಡನ್ನಿನ ನಮ್ಮ ಕನ್ನಡದವರ ಊಟಕ್ಕೆ ಹೋದರೆ ಪಂಕ್ತಿಯ ತುಂಬ ಡಾಕ್ಟರುಗಳು. ಸಾಂಬಾರು ಬಡಿಸುವವರೂ ಮಕ್ಕಳ ತಜ್ಞರೇ. ಪಕ್ಕದಲ್ಲಿ ಕೂತ ಹಿರಿಯ ಹೆಂಗಸೊಬ್ಬರು ಅಕ್ಕರೆಯಿಂದ ಕೇಳಿದರು.

"ನೀವೂ ಡಾಕ್ಟರಾ?"

"ಇಲ್ಲ ಆಂಟಿ, ಎಂಜಿನಿಯರ್."

"ಓ, ಸಾಫ್ಟ್‌ವೇರು."

"ಅಲ್ಲ, ರಸ್ತೆ."

ಅವರ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ನಾನು ಬಿಡಿಸಿ ಹೇಳಿದೆ. ಇಲ್ಲಿ ಮನೆ ರಿಪೇರಿ ಮಾಡಿಸುವವರು ಒಡೆದ ಇಟ್ಟಿಗೆ, ಹಳೆ ಟಾಯ್ಲೆಟ್ಟು ಇವನ್ನೆಲ್ಲ ತುಂಬಲು ಸ್ಕಿಪ್ ಅಂತ ಒಂದು ದೊಡ್ಡ ಕಬ್ಬಿಣದ ತೊಟ್ಟಿ ತರಿಸಿ ರಸ್ತೆಯಲ್ಲಿ ಇಡುತ್ತಾರಲ್ಲ, ಅದಕ್ಕೆ ಕೌನ್ಸಿಲ್‌ನ ಅನುಮತಿ ಬೇಕು. ಎಂಟು ವರ್ಷ ಆ ಅನುಮತಿ ಕೊಡುವ ಮೇಜಿನಲ್ಲಿ ಕೂತಿದ್ದೆ. ಈಗ ಬಡ್ತಿಯಾಗಿ, ತೀರಾ ದೊಡ್ಡ ಸಾಮಾನುಗಳು ಊರಿನೊಳಗೆ ಹೋಗಲು ದಾರಿ ಹುಡುಕಿಕೊಡುವ ಕೆಲಸ. ಟ್ರಾನ್ಸ್‌ಫಾರ್ಮರು, ಸೇತುವೆಯ ತೊಲೆ, ಅಂಥವು. ಯಾವ ತಿರುವಿನಲ್ಲಿ ತಿರುಗುತ್ತದೆ, ಯಾವ ಕಂಬ ತೆಗೆಯಬೇಕು, ಯಾವ ಕೊಂಬೆ ಕಡಿಯಬೇಕು ಅಂತ ಮೊದಲೇ ಅಳೆದು ಇಡಬೇಕು.

ಆಂಟಿ ಹೋಳಿಗೆಯನ್ನು ಎಲೆಯ ಮೇಲೆ ಇಟ್ಟರು. ಆಮೇಲೆ ನನ್ನ ಬೆನ್ನು ಸವರಿ ಅಂದರು:

"ಹೋಗಲಿ ಬಿಡಿ, ನಿಮ್ಮ ಯಜಮಾನ್ರು ಡಾಕ್ಟರಲ್ವಾ."

ನೀರಿನಲ್ಲಿ ಅಷ್ಟೇ ಉದ್ದ

ಹಡಗಿನ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರ ಇಸವಿ ಹತ್ತಿರ ಬರುತ್ತಿದ್ದ ಕಾಲ. ಊರಿನವರೆಲ್ಲ ಆ ಹೊಸ ವರ್ಷದ ರಾತ್ರಿ ಎಲ್ಲಿ ಕುಣಿಯಬೇಕು ಅಂತ ಆಗಲೇ ಲೆಕ್ಕ ಹಾಕುತ್ತಿದ್ದರು. ಒಂದು ದಿನ ಬಾಸ್ ನನ್ನನ್ನು ಕರೆದು ಕೇಳಿದರು:

"ನಿಮಗೆ ಹಡಗಿನ ಬಗ್ಗೆ ಏನಾದರೂ ಗೊತ್ತಾ?"

"ನಾನು ಮೈಸೂರಿನವಳು," ಅಂದೆ.

ಅದು ಉತ್ತರ ಅಂತ ಅವರಿಗೆ ತಿಳಿಯಲಿಲ್ಲ. ತಲೆಯಾಡಿಸಿ ಮುಂದುವರಿಸಿದರು. ಈಸ್ಟ್ ಹ್ಯಾಮ್‌ನ ಆಚೆ ಬಸ್ಸು ರಿಪೇರಿ ಮಾಡುತ್ತಿದ್ದ ಹಳೆಯ ಶೆಡ್ಡೊಂದಿದೆ. ಅದರಲ್ಲಿ ಯಾರೋ ಒಂದು ಭಾರೀ ಪ್ರಯಾಣಿಕರ ಹಡಗು ಕಟ್ಟಿದ್ದಾರೆ. ಥೇಮ್ಸ್ ನದಿಯಲ್ಲಿ ಜನರಿಗೆ ಊಟ ಹಾಕುತ್ತ ತೇಲುವ ಹಡಗು. ಅದನ್ನು ರಸ್ತೆಯ ಮೇಲೆ ಒಯ್ದು ನದಿಗೆ ಇಳಿಸಬೇಕು.

"ನೀರಿನ ಹತ್ತಿರವೇ ಯಾಕೆ ಕಟ್ಟಲಿಲ್ಲ?" ಅಂತ ಕೇಳಿದೆ.

"ಇಲ್ಲಿ ಬಾಡಿಗೆ ಕಡಿಮೆ ಇತ್ತಂತೆ."

ಆಮೇಲೆ ಬಾಸ್ ದನಿ ತಗ್ಗಿಸಿ, ಇದು ಸರಿಯಾಗಿ ನಡೆದರೆ ಮುಂದೆ ಇಂಥ ದೊಡ್ಡ ಕೆಲಸಗಳೆಲ್ಲ ನಿಮಗೇ ಅಂದರು. ನಡೆಯದಿದ್ದರೆ ಏನು ಅಂತ ಬಾಯಲ್ಲಿ ಹೇಳಲಿಲ್ಲ. ಕಿಟಕಿ ಪಕ್ಕದಲ್ಲಿದ್ದ ನನ್ನ ಹಳೆಯ ಸ್ಕಿಪ್ ಮೇಜಿನ ಕಡೆ ನೋಡಿದರು. ಅದು ಇನ್ನೂ ಖಾಲಿಯಿತ್ತು. ಅದರ ಮೇಲಿನ ಫೋನು ಆಗಲೂ ಬಡಿದುಕೊಳ್ಳುತ್ತಿತ್ತು. ಎಂಟು ವರ್ಷ ಆ ಫೋನಿನಲ್ಲಿ "ನಮ್ಮ ಮನೆ ಮುಂದೆ ಪಕ್ಕದವರ ಸ್ಕಿಪ್ ಇದೆ" ಅಂತ ಬೈಸಿಕೊಂಡವಳು ನಾನು. ಮತ್ತೆ ಅಲ್ಲಿಗೆ ಹೋಗುವುದಕ್ಕಿಂತ ಹಡಗನ್ನು ತಲೆ ಮೇಲೆ ಹೊತ್ತುಕೊಂಡು ಹೋಗುವುದೇ ಮೇಲು ಅನ್ನಿಸಿತು.

ಹಡಗು ಕಟ್ಟಿದವನು ಉದ್ದ ಎಷ್ಟು ಅಂತ ಫೋನಿನಲ್ಲಿ ಹೇಳಿದ. ಆ ಅಳತೆಗೆ ಸರಿಯಾಗಿ ನಾನು ಪ್ರತಿಯೊಂದು ತಿರುವಿನ ನಕ್ಷೆ ಬರೆದೆ. ತಿಂಗಳುಗಟ್ಟಲೆ ಕೆಲಸ. ಎಲ್ಲ ಮುಗಿದ ಮೇಲೆ ಸಮಾಧಾನಕ್ಕೆ ಒಮ್ಮೆ ಕಣ್ಣಾರೆ ನೋಡೋಣ ಅಂತ ಶೆಡ್ಡಿಗೆ ಹೋದೆ. ಹಡಗಿನ ಮೂತಿ ಮುಂದಕ್ಕೆ ಚಾಚಿಕೊಂಡು ಶೆಡ್ಡಿನ ಬಾಗಿಲಿನವರೆಗೆ ಬಂದಿತ್ತು. ಟೇಪು ಹಿಡಿದೆ. ಅವನು ಹೇಳಿದ್ದಕ್ಕಿಂತ ಅರ್ಧ ಬಸ್ಸಿನಷ್ಟು ಹೆಚ್ಚು.

"ನೀವು ಹೇಳಿದ ಉದ್ದ ಇದಲ್ಲವಲ್ಲ," ಅಂದೆ.

ಅವನು ನನ್ನನ್ನು ಸಣ್ಣ ಮಗುವನ್ನು ನೋಡಿದಂತೆ ನೋಡಿದ. ಹಡಗಿನವರು ನೀರು ಮುಟ್ಟುವ ಭಾಗವನ್ನು ಅಳೆಯುತ್ತಾರಂತೆ. ಮೂತಿ ನೀರಿನ ಮೇಲೆ ಗಾಳಿಯಲ್ಲಿರುತ್ತದಲ್ಲ, ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನೀರಿನಲ್ಲಿ ಇದು ಅಷ್ಟೇ ಉದ್ದ," ಅಂದ.

"ಸ್ವಾಮಿ, ನಾವು ಒಯ್ಯುತ್ತಿರುವುದು ರಸ್ತೆಯಲ್ಲಿ."

"ಅದು ನಿಮ್ಮ ವಿಭಾಗ," ಅಂದ.

ಎಂಥಾ ನದಿ

ನಕ್ಷೆಯನ್ನೆಲ್ಲ ಮತ್ತೆ ಬರೆದೆ. ಇನ್ನು ದಿನ ಗೊತ್ತು ಮಾಡಬೇಕು. ಥೇಮ್ಸ್‌ನಲ್ಲಿ ಸಮುದ್ರದ ಉಬ್ಬರ ಇಳಿತ ಇದೆ. ಹಡಗು ಇಳಿಸಬೇಕಿದ್ದ ಹಳೆಯ ಇಳಿಜಾರಿನಲ್ಲಿ ಅಷ್ಟು ದೊಡ್ಡದು ತೇಲುವಷ್ಟು ನೀರು ಬರುವುದು ಹದಿನೈದು ದಿನಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಆ ಹೊತ್ತು ತಪ್ಪಿದರೆ ಮುಂದಿನ ದೊಡ್ಡ ನೀರಿನವರೆಗೆ ಹಡಗು ನಮ್ಮ ರಸ್ತೆಯ ಮೇಲೇ ಬಿದ್ದಿರಬೇಕು. ಅಲ್ಲಿ ಹದಿನೈದು ದಿನ ಹಡಗು, ಇಲ್ಲಿ ಜೀವಮಾನ ಪೂರ್ತಿ ನಾನು ಸ್ಕಿಪ್ ಮೇಜಿನಲ್ಲಿ. ನದಿಯ ಕಚೇರಿಯವರು ಒಂದು ಭಾನುವಾರ ಗೊತ್ತು ಮಾಡಿದರು. ಬೆಳಿಗ್ಗೆ ಹೊರಟು ಮಧ್ಯಾಹ್ನ ಎರಡರ ಒಳಗೆ ತಲುಪಬೇಕು.

ಆಗ ನಮ್ಮತ್ತೆ ಧಾರವಾಡದಿಂದ ಬಂದು ನಮ್ಮಲ್ಲಿದ್ದರು. ಬರುವಾಗ ಉಪ್ಪಿನಕಾಯಿಯ ಜೊತೆ ಗೋಡೆಗೆ ಹಾಕುವ ಕ್ಯಾಲೆಂಡರನ್ನೂ ತಂದಿದ್ದರು. ನಾನು ಊಟಕ್ಕೆ ಕೂತಾಗ ದಿನ ಹೇಳಿದ್ದೇ ತಪ್ಪಾಯಿತು. ಎದ್ದು ಹೋಗಿ ಕ್ಯಾಲೆಂಡರ್ ನೋಡಿ ಬಂದರು.

"ಅವತ್ತು ಅಮಾಸಿ ಅದವಾ."

"ಹೌದಾ ಅತ್ತೆ."

"ಅಮಾಸಿ ದಿನ ಯಾರರ ಹೊಸಾ ಕೆಲಸಕ್ಕ ಕೈ ಹಚ್ಚತಾರೇನು? ಎರಡು ದಿನ ತಡೀರಿ. ಬಿದಿಗಿ ಛಲೋ ಅದ."

ಚಂದ್ರ, ಸೂರ್ಯ, ಭೂಮಿ ಎಲ್ಲವನ್ನೂ ಚಪಾತಿ, ಈರುಳ್ಳಿ ಮತ್ತು ನಿಂಬೆಹೋಳು ಇಟ್ಟು ತೋರಿಸಿದೆ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಮಾತ್ರ ನೀರು ಅಷ್ಟು ಏರುತ್ತದೆ, ತಡ ಮಾಡಿದರೆ ಇಳಿದುಬಿಡುತ್ತದೆ ಅಂತ ಹೇಳಿದೆ. ನಮ್ಮ ಯಜಮಾನರು ಡಾಕ್ಟರಾದರೂ ಅಮ್ಮನ ತಟ್ಟೆಗೆ ಬೇಳೆ ಬಡಿಸಿದರು, ಅಷ್ಟೇ. ಅತ್ತೆ ನಿಂಬೆಹೋಳನ್ನು ತೆಗೆದು ಬೇಳೆಗೆ ಹಿಂಡಿಕೊಂಡರು.

"ಅಮಾಸಿ ನೋಡಿ ನೀರು ಬರ್ತದ ಅಂದ್ರ, ಅದು ಎಂಥಾ ನದಿನವಾ? ಇಂಥಾ ನದ್ಯಾಗ ಕುಂತು ಊಟಾನೂ ಮಾಡ್ತಾರಂತ."

ಅತ್ತೆಯ ಆ ಅಮಾಸಿಯ ಮಾತಿಗೆ ನನ್ನ ನಿದ್ದೆ ಹಾರಿಹೋಯಿತು. ನಾನು ವಿಜ್ಞಾನ ಓದಿದವಳು, ಅಮಾವಾಸ್ಯೆಗೆ ಹೆದರುವುದಿಲ್ಲ. ಆದರೆ ಆ ಹಡಗಿನ ವಿಷಯದಲ್ಲಿ ಹೆದರುವುದಕ್ಕೆ ನನಗೆ ಬೇರೆ ಇಷ್ಟೊಂದು ಕಾರಣಗಳಿರುವಾಗ, ಇನ್ನೊಂದು ಯಾಕೆ ಬೇಕಿತ್ತು?

ಎಲ್ಲಿಗೆ ಅಂತ ಕೇಳಬಾರದು

ಆ ಭಾನುವಾರ ಯಜಮಾನರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅತ್ತೆಗೆ ಗ್ಯಾಸ್ ಒಲೆ ಹಚ್ಚಲು ಬರುತ್ತಿತ್ತು, ಆರಿಸಲು ಬರುತ್ತಿರಲಿಲ್ಲ. ಹೀಗಾಗಿ ಅವರನ್ನೂ ಕರೆದುಕೊಂಡು ಹೋಗಿ ಕೌನ್ಸಿಲ್‌ನ ವ್ಯಾನಿನಲ್ಲಿ ಕೂರಿಸಿದೆ. ಅವರ ಜೊತೆ ಒಂದು ಡಬ್ಬಿ ಅವಲಕ್ಕಿ, ಒಂದು ದೊಡ್ಡ ನೀರಿನ ಕ್ಯಾನು, ಒಂದು ಸ್ಟೀಲ್ ಲೋಟ, ಬಾಯಿ ಕಟ್ಟಿದ ಒಂದು ಚೀಲ.

ಹಡಗು ಟ್ರೈಲರ್ ಮೇಲೆ ಏರಿತ್ತು. ಮುಂದೆ ಪೊಲೀಸರು, ಹಿಂದೆ ನಾವು. ಟ್ರೈಲರ್ ನಡೆಸುವವನು ಇಂಗ್ಲೆಂಡಿನ ಉತ್ತರದ ಕಡೆಯ ಧಡೂತಿ ಮನುಷ್ಯ, ಬಹಳ ಮೆದು ಸ್ವಭಾವ. ಎಂಜಿನ್ ಗುರ್ ಅಂದಿತು, ಚಕ್ರ ಒಂದು ಸುತ್ತು ಉರುಳಿತು. ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ಡ್ರೈವರ್‌ನನ್ನು ಕೂಗಿ ಕೇಳಿದ, ಇದನ್ನು ತಗೊಂಡು ಎಲ್ಲಿಗೆ ಹೊರಟಿರಿ ಅಂತ.

ಅಷ್ಟು ಇಂಗ್ಲಿಷು ನಮ್ಮತ್ತೆಗೆ ಗೊತ್ತಾಗುತ್ತಿತ್ತು. ಎದೆ ಮೇಲೆ ಕೈಯಿಟ್ಟುಕೊಂಡರು. "ಹಾಳಾತು. ಹೊರಟವರನ್ನ ಎಲ್ಲಿಗೆ ಅಂತ ಕೇಳಿಬಿಟ್ಟ. ಒಂದು ಗುಟುಕು ನೀರು ಕುಡದು, ಕುಂತು ಎದ್ದು, ಮತ್ತ ಹೊರಡಬೇಕು." ನಾನು ಬೇಡ ಅನ್ನುವಷ್ಟರಲ್ಲಿ ಇಳಿದು, ಲೋಟದ ತುಂಬ ನೀರು ಹಿಡಿದು ಡ್ರೈವರ್‌ನ ಕಿಟಕಿಯ ಕೆಳಗೆ ನಿಂತಿದ್ದರು. ಅವನು ಇದೇನೋ ಇವರ ಮರ್ಯಾದೆ ಅಂದುಕೊಂಡು ಬಗ್ಗಿ ಇಸಿದುಕೊಂಡು ಗಟಗಟ ಕುಡಿದ. ಅತ್ತೆಗೆ ಸಮಾಧಾನವಾಯಿತು.

ಆದರೆ ಲಂಡನ್ನಿನ ರಸ್ತೆಯಲ್ಲಿ ಹಡಗು ಹೋಗುವಾಗ ಬೇರೆ ಏನು ತಾನೇ ಕೇಳುತ್ತಾರೆ? ಹಾಲಿನವನು ಕೇಳಿದ. ಚರ್ಚಿಗೆ ಹೊರಟವರು ಕೇಳಿದರು. ಬಸ್ ಸ್ಟಾಪಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಕೇಳಿದರು. ಹಡಗು ನಡೆಯುವವರಿಗಿಂತ ನಿಧಾನ ಹೋಗುತ್ತಿದ್ದುದರಿಂದ ಅತ್ತೆಗೆ ಇಳಿದು ಹೋಗಿ ಬರಲು ಕಷ್ಟವೇ ಆಗಲಿಲ್ಲ. ಪ್ರತಿ ಸಲ ಲೋಟ ಮೇಲೆ ಹೋಗುತ್ತಿತ್ತು, ಖಾಲಿಯಾಗಿ ಕೆಳಗೆ ಬರುತ್ತಿತ್ತು. ಆ ಪುಣ್ಯಾತ್ಮನಿಗೆ ದಾಕ್ಷಿಣ್ಯ, ಬೇಡ ಅನ್ನಲಾಗಲಿಲ್ಲ.

ದೊಡ್ಡ ರಸ್ತೆ ಸೇರುವ ಮೊದಲೇ ಟ್ರೈಲರ್ ನಿಂತುಬಿಟ್ಟಿತು. ಡ್ರೈವರ್ ಇಳಿದು, ಮುಖ ಕೆಂಪಗೆ ಮಾಡಿಕೊಂಡು, ಹತ್ತಿರದಲ್ಲಿ ಟಾಯ್ಲೆಟ್ ಎಲ್ಲಿದೆ ಅಂತ ನನ್ನನ್ನು ಕೇಳಿದ. ಸಾರ್ವಜನಿಕ ಟಾಯ್ಲೆಟ್ಟಿಗೆ ಬೀಗ. ಭಾನುವಾರ ನಮ್ಮ ಕೌನ್ಸಿಲ್ ಅದನ್ನು ತೆಗೆಯುತ್ತಿರಲಿಲ್ಲ. ಅವನು ಯಾರದೋ ಮನೆಯ ಬಾಗಿಲು ತಟ್ಟಿ ಒಳಗೆ ಹೋಗಿ ಬರುವ ತನಕ ಇಡೀ ರಸ್ತೆಗೆ ಅಡ್ಡಲಾಗಿ ಹಡಗು, ಅದರ ಹಿಂದೆ ಬಸ್ಸುಗಳ ಸಾಲು. ಪೊಲೀಸ್ ಅಧಿಕಾರಿ ನನ್ನ ಹತ್ತಿರ ಬಂದು ಏನು ತೊಂದರೆ ಅಂತ ಕೇಳಿದ. ಏನಂತ ಹೇಳಲಿ? ಹಡಗಿನ ಕೆಳಗೆ ಇರಬೇಕಾದ ನೀರೆಲ್ಲ ಡ್ರೈವರ್‌ನ ಹೊಟ್ಟೆಯಲ್ಲಿತ್ತು.

ಸೀರೆ

ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್ ಹೇಗಿದೆಯೆಂದರೆ, ದೋಸೆ ಹೋಟೆಲು, ಸೀರೆ ಅಂಗಡಿ, ಮತ್ತೆ ದೋಸೆ ಹೋಟೆಲು. ಅಂಗಡಿಯವರೆಲ್ಲರಿಗೂ ಆ ದಿನ ಹೊರಗೆ ಏನೂ ತೂಗುಹಾಕಬೇಡಿ ಅಂತ ಒಬ್ಬೊಬ್ಬರ ಬಳಿಗೂ ಹೋಗಿ ಕೈಮುಗಿದು ಬಂದಿದ್ದೆ. ಒಬ್ಬರನ್ನು ಬಿಟ್ಟು ಎಲ್ಲರೂ ಕೇಳಿದ್ದರು. ಆ ಒಬ್ಬರು ಇವತ್ತು ಜನ ಬಹಳ ಸೇರುತ್ತಾರೆ ಅಂತ ಅಂಗಡಿಯಲ್ಲಿದ್ದ ಅತ್ಯಂತ ಬೆಲೆಯ ರೇಷ್ಮೆ ಸೀರೆಯನ್ನೇ ಬಿಚ್ಚಿ ಮಹಡಿಯಿಂದ ಇಳಿಬಿಟ್ಟಿದ್ದರು.

ಹಡಗು ಕಟ್ಟಿದವನ ಲೆಕ್ಕಕ್ಕೆ ಬಾರದ ಆ ಮೂತಿ ತಿರುವಿನಲ್ಲಿ ನಿಧಾನವಾಗಿ ಸರಿದು ಸೀರೆಯೊಳಕ್ಕೆ ತೂರಿತು. ಅಷ್ಟೇ ನಿಧಾನವಾಗಿ ಸೀರೆಯನ್ನು ಎಳೆದುಕೊಂಡು ಹೊರಟಿತು. ಅಂಗಡಿಯವರು ಕೈ ಮೇಲೆತ್ತಿಕೊಂಡು, ನನ್ನ ರೇಷ್ಮೆ, ನನ್ನ ರೇಷ್ಮೆ ಅಂತ ಬೊಬ್ಬೆ ಹಾಕುತ್ತ ಓಡಿ ಬಂದರು. ನಮ್ಮತ್ತೆ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ ಸಂತೋಷಪಟ್ಟರು. "ನೋಡು, ತಾನ ಸೀರಿ ಆರಿಸಿಗೊಂಡ್ಲು. ಬಣ್ಣಾನೂ ಒಪ್ಪತದ." ಇಂಗ್ಲಿಷಿನವರು ಹಡಗನ್ನು ಹೆಣ್ಣು ಅಂತ ಕರೆಯುತ್ತಾರೆ ಅಂತ ನಾನೇ ಹಿಂದೊಮ್ಮೆ ಮನೆಯಲ್ಲಿ ಹೇಳಿದ್ದೆ. ಅದೂ ನನ್ನದೇ ಕರ್ಮ.

ಅಷ್ಟರಲ್ಲಿ ಪತ್ರಿಕೆಯ ಫೋಟೋದವನು ಒಬ್ಬ ಏಣಿ ಹತ್ತಿ ಕ್ಯಾಮೆರಾ ಹಿಡಿದ. ಅಂಗಡಿಯವರು ಅದನ್ನು ನೋಡಿದರು. ಬೊಬ್ಬೆ ನಿಂತಿತು. ಹಡಗಿನ ಪಕ್ಕದಲ್ಲೇ ನಡೆಯುತ್ತ ಕೋಲಿನಿಂದ ಸೀರೆಯ ಸೆರಗು ಸರಿಮಾಡಿದರು, ಜರಿಯಂಚು ಮುಂದೆ ಬರುವ ಹಾಗೆ ತಿರುಗಿಸಿದರು. ಆಮೇಲೆ ನನ್ನ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದರು:

"ಮೇಡಂ, ಸ್ವಲ್ಪ ನಿಧಾನ ಹೋಗಬಹುದಾ?"

ಸುಸ್ವಾಗತ

ಗಂಟೆ ಹನ್ನೆರಡು ದಾಟಿತ್ತು. ಎರಡಕ್ಕೆ ನೀರು ತುಂಬುತ್ತದೆ, ಆಮೇಲೆ ಇಳಿಯಲು ಶುರು. ನದಿ ಇನ್ನು ಒಂದೇ ತಿರುವು ಆಚೆ. ಅಲ್ಲಿ ಎರಡು ದೀಪದ ಕಂಬಗಳಿದ್ದವು. ಅವನ್ನು ತೆಗೆಸಲು ದೀಪದ ವಿಭಾಗದ ಹಿಂದೆ ಚಳಿಗಾಲ ಪೂರ್ತಿ ಅಲೆದಿದ್ದೆ. ಕೊನೆಗೆ ಶುಕ್ರವಾರ ತೆಗೆದಿದ್ದರು. ನಾನೇ ಹೋಗಿ ಕಣ್ಣಾರೆ ನೋಡಿ ಬಂದಿದ್ದೆ.

ತಿರುವಿನಲ್ಲಿ ನೋಡಿದರೆ ಎರಡು ಕಂಬಗಳೂ ನೆಟ್ಟಗೆ ನಿಂತಿವೆ. ಕಂಬದಿಂದ ಕಂಬಕ್ಕೆ ಒಂದು ಉದ್ದನೆಯ ಬಟ್ಟೆ ಕಟ್ಟಿದ್ದರು. ಅದರ ಮೇಲೆ ಹಡಗಿಗೆ ಸುಸ್ವಾಗತ ಅಂತ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು, ಕೆಳಗೆ ನಮ್ಮ ಕೌನ್ಸಿಲ್‌ನ ಮುದ್ರೆ. ಸಮಾರಂಭದ ವಿಭಾಗದವರು ಸ್ವಾಗತದ ಬಟ್ಟೆ ಕಟ್ಟಲು ಶನಿವಾರ ಬಂದರಂತೆ. ಕಟ್ಟಲು ಕಂಬಗಳೇ ಇರಲಿಲ್ಲವಂತೆ. ದೀಪದ ವಿಭಾಗಕ್ಕೆ ಫೋನ್ ಮಾಡಿ, ತುರ್ತು ಅಂತ ಹೇಳಿ, ಮತ್ತೆ ನೆಡಿಸಿದ್ದರು. ನನಗೆ ತೆಗೆಯಲು ಚಳಿಗಾಲ ಪೂರ್ತಿ ಬೇಕಾಗಿದ್ದ ಕಂಬಗಳನ್ನು ಒಂದೇ ಮಧ್ಯಾಹ್ನ ನೆಟ್ಟಿದ್ದರು.

ಬಟ್ಟೆಯನ್ನೇನೋ ಕತ್ತರಿಸಬಹುದು. ಕಂಬದಲ್ಲಿ ಕರೆಂಟ್ ಇದೆ, ಅದನ್ನು ನಿಲ್ಲಿಸದೆ ಯಾರೂ ಮುಟ್ಟುವಂತಿಲ್ಲ. ಭಾನುವಾರದ ಡ್ಯೂಟಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಹಿಂದೆ ಭಾರೀ ಗದ್ದಲ ಕೇಳುತ್ತಿತ್ತು.

"ಈಗಲೇ ಬರಬೇಕು, ತುರ್ತು," ಅಂದೆ.

"ಈಗ ಆಗಲ್ಲ ಮೇಡಂ. ಮಕ್ಕಳನ್ನ ಕರ್ಕೊಂಡು ನದಿ ಹತ್ತಿರ ಬಂದಿದೀನಿ. ಒಂದು ಹಡಗು ಬರುತ್ತಂತೆ, ಬೆಳಿಗ್ಗೆಯಿಂದ ಜಾಗ ಹಿಡ್ಕೊಂಡು ಕೂತಿದೀವಿ. ಅದು ಬಂದ್ಮೇಲೆ ಬರ್ತೀನಿ."

ಕೊನೆಗೆ ಪೊಲೀಸರ ಮೋಟರ್ ಸೈಕಲ್ಲಿನಲ್ಲಿ ಅವನನ್ನು ಹಿಂದೆ ಕೂರಿಸಿಕೊಂಡು ಬಂದರು. ಇಳಿದವನು ಕಂಬ ನೋಡಲಿಲ್ಲ, ತಲೆಯೆತ್ತಿ ಹಡಗನ್ನೇ ನೋಡಿದ, ಒಂದು ಸುತ್ತು ಬಂದ. ಆಮೇಲೆ ಬೇಜಾರು ಮಾಡಿಕೊಂಡು ಅಂದ: "ಇಲ್ಲೇ ಇದೆ ಅಂತ ಫೋನ್‌ನಲ್ಲೇ ಹೇಳಬಾರದಿತ್ತಾ?"

ಉಡಿ

ಎರಡು ಗಂಟೆಗೆ ಸ್ವಲ್ಪ ಮೊದಲು ಹಡಗು ನದಿಯ ದಂಡೆ ತಲುಪಿತು. ನೀರು ತುಂಬಿ ನಿಂತಿತ್ತು. ಅಲ್ಲಿ ನೋಡಿದರೆ ಎಜ್‌ವೇರ್, ಪಿನ್ನರ್ ಕಡೆಯ ನಮ್ಮ ಹೆಂಗಸರು ಏಳೆಂಟು ಮಂದಿ, ಸೀರೆಯ ಮೇಲೆ ಕೋಟು ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ನಮ್ಮತ್ತೆ ವಾರದಿಂದ ಎಲ್ಲರಿಗೂ ಫೋನ್ ಮಾಡಿದ್ದರಂತೆ. ಯುಗಾದಿ ಊಟದ ಆ ಆಂಟಿಯೂ ಬಂದಿದ್ದರು.

ಅತ್ತೆ ವ್ಯಾನಿನಿಂದ ಒಂದು ಚೀಲ ಇಳಿಸಿದರು. ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಬೆಲ್ಲ, ಒಂದು ಹಸಿರು ಕುಪ್ಪಸದ ಕಣ.

"ಇದೇನು ಅತ್ತೆ?"

"ಹೆಣ್ಣು ಅಂತ ನೀನ ಹೇಳಿದಿ. ಹೆಣ್ಮಗಳನ್ನ ಉಡಿ ತುಂಬದ ಹ್ಯಾಂಗ ಕಳಸೂದು? ಅದೂ ಅಮಾಸಿ ದಿನ."

ಹಡಗಿನ ಉಡಿ ಯಾವುದು ಅಂತ ಅಲ್ಲೇ ಚರ್ಚೆ ಶುರುವಾಯಿತು. ನಮ್ಮ ಮೈಸೂರಿನ ಕಡೆಯವರು ನಡುಭಾಗ ಅಂದರು. ಧಾರವಾಡದವರು ಮುಂಭಾಗ ಅಂದರು. ಹೆರಿಗೆ ಡಾಕ್ಟರೊಬ್ಬರು ಇದ್ದರು, ಅವರನ್ನು ಕೇಳಿದರೆ ಇದು ತನ್ನ ಅನುಭವಕ್ಕೆ ಬಂದಿಲ್ಲ ಅಂದರು. ನೀರು ಇಳಿಯುತ್ತದೆ, ಬೇಗ ಮಾಡಿ ಅಂತ ನಾನು ಕೈಕಾಲು ಹಿಡಿದುಕೊಂಡೆ. ಕೊನೆಗೆ ಎಲ್ಲವನ್ನೂ ಕಣದಲ್ಲಿ ಗಂಟು ಕಟ್ಟಿ ಕೊಟ್ಟರು, ಹಡಗಿನ ಹುಡುಗನೊಬ್ಬ ಹಗ್ಗ ಬಿಟ್ಟು ಮೇಲಕ್ಕೆ ಎಳೆದುಕೊಂಡು ಮೂತಿಯ ಕಂಬಿಗೆ ಕಟ್ಟಿದ. ನೋಡಲು ಬಂದಿದ್ದ ಬಾಸ್ ಟೋಪಿ ತೆಗೆದು ನಿಂತರು. ಇದು ನಮ್ಮ ಊರಿನ ಎಂಜಿನಿಯರುಗಳ ಪದ್ಧತಿ ಇರಬೇಕು ಅಂದುಕೊಂಡಿದ್ದರಂತೆ.

ಹಡಗು ಜಾರಿತು. ಹೆಂಗಸರೆಲ್ಲ ಒಟ್ಟಿಗೆ, "ಹೋಗಿ ಬಾರಮ್ಮಾ," "ಹೋಗಿ ಬಾರವಾ," ಅಂದರು. ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಡಗು ಒಮ್ಮೆ ಓಲಾಡಿ, ನೀರಿನಲ್ಲಿ ನೆಟ್ಟಗೆ ನಿಂತಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಇನ್ನು ಜನ್ಮದಲ್ಲಿ ಇದರ ಮುಖ ನೋಡಬೇಕಾಗಿಲ್ಲವಲ್ಲ ಅನ್ನುವ ಸಂತೋಷಕ್ಕೆ.

ಒಂದೂವರೆ ತಿಂಗಳಿಗೆ ಬಾಸ್ ಕರೆದರು. ಹೊಗಳುತ್ತಾರೆ ಅಂತ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಅವರ ಮುಖ ಸಪ್ಪಗಿತ್ತು. ನಾನು ರಸ್ತೆಯ ಮೇಲಿನ ಒಂದೊಂದು ಅಡ್ಡಿಯನ್ನೂ ಅಳೆದಿದ್ದೆ. ಆದರೆ ನದಿಗೆ ಅಡ್ಡಲಾಗಿ ನಡು ಲಂಡನ್ನಿನಲ್ಲಿ ಸೇತುವೆಗಳಿವೆಯಲ್ಲ, ಅವನ್ನು ಅಳೆಯುವುದು ಯಾರ ಕೆಲಸ ಅಂತ ಯಾರೂ ಕೇಳಿರಲಿಲ್ಲ. ಹಡಗು ಕಟ್ಟಿದವನಂತೂ ಕೇಳಿರಲಿಲ್ಲ. ನೀರು ಏರಿದಾಗ ಹೋದರೆ ತಲೆ ತಾಗುತ್ತದೆ, ಇಳಿದಾಗ ಹೋದರೆ ತಳ ತಾಗುತ್ತದೆ. ಮೇಲಿನ ಅಂತಸ್ತನ್ನು ಪೂರ್ತಿ ಬಿಚ್ಚಿ ತಗ್ಗಿಸಬೇಕು. ಅಷ್ಟು ದೊಡ್ಡ ಶೆಡ್ಡು ಇರುವುದು ಒಂದೇ ಒಂದು.

"ಬಾಡಿಗೆಯೂ ಕಡಿಮೆ," ಅಂದರು ಬಾಸ್, ನನ್ನ ಕಣ್ಣು ತಪ್ಪಿಸಿ.

"ಸರ್, ನನ್ನನ್ನು ಸ್ಕಿಪ್ ಮೇಜಿಗೇ ಹಾಕಿಬಿಡಿ," ಅಂದೆ. ಮನಸಾರೆ ಕೇಳಿದೆ. ಕಿಟಕಿ ಪಕ್ಕದ ಆ ಫೋನು ಬಡಿದುಕೊಳ್ಳುತ್ತಿತ್ತು, ಆ ಹೊತ್ತಿಗೆ ನನಗೆ ಅದು ದೇವಸ್ಥಾನದ ಗಂಟೆಯ ಹಾಗೆ ಕೇಳಿಸಿತು.

"ಆಗಲ್ಲ. ಆ ದಾರಿ ಗೊತ್ತಿರೋದು ನಿಮಗೊಬ್ಬರಿಗೇ. ಇನ್ಮೇಲೆ ಇಂಥ ಕೆಲಸವೆಲ್ಲ ನಿಮಗೇ ಅಂತ ಮಾತು ಕೊಟ್ಟಿದೀನಲ್ಲ."

ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡು ವಿಷಯ ಹೇಳಿದೆ. ಅತ್ತೆಯ ಮುಖ ಅರಳಿತು.

"ಬರ್ತಾಳಂತೇನು? ಹೋಗಿ ಬಾ ಅಂದಿದ್ವಿ, ಬಂದ್ಲು ನೋಡು. ಮಾತು ಕೇಳೂ ಹುಡುಗಿ."

ಕಂಬ ತೆಗೆಸಿ, ಕೊಂಬೆ ಕಡಿಸಿ, ಅಂಗಡಿಗಳಿಗೆ ಕೈಮುಗಿದು, ಹಿಂದುಮುಂದಾಗಿ ಅದೇ ದಾರಿಯಲ್ಲಿ ಹಡಗನ್ನು ಶೆಡ್ಡಿಗೆ ತಂದೆ. ತಲೆ ತಗ್ಗಿಸಿದ ಮೇಲೆ ಮತ್ತೆ ಅದೇ ದಾರಿಯಲ್ಲಿ ನದಿಗೆ ಒಯ್ದೆ. ಆಗ ನಮ್ಮೂರ ಕಡೆ ಮಳೆಗಾಲ ಮುಗಿದು, ಇಲ್ಲಿ ಎಲೆ ಉದುರಲು ಶುರುವಾಗಿತ್ತು. ಅತ್ತೆ ಊರಿಗೆ ಹೊರಡುವ ಮುಂಚಿನ ವಾರ. ಅದೂ ಅಮಾವಾಸ್ಯೆಯೇ.

ಈ ಸಲ ನಾನು ಬಿಗಿಯಾಗಿದ್ದೆ. ದಂಡೆಯ ಮೇಲೆ ನಿಂತ ಹೆಂಗಸರಿಗೆಲ್ಲ ಹೇಳಿದೆ. ಉಡಿ ಬೇಕಾದರೆ ತುಂಬಿ, ಆದರೆ ಹೋಗಿ ಬಾ ಅಂತ ಯಾರೂ ಅನ್ನಕೂಡದು, ನನ್ನ ಮೇಲೆ ಆಣೆ. "ಮತ್ತೇನಂತ ಹೇಳೋದು?" ಅಂದರು ಆಂಟಿ. ಬರೀ ಹೋಗು ಅನ್ನಿ ಅಂದೆ. ಎಲ್ಲರೂ ಕಿವಿ ಮುಚ್ಚಿಕೊಂಡರು. ಹೊರಟ ಹೆಣ್ಣುಮಗಳಿಗೆ ಹೋಗು ಅನ್ನಲು ಯಾರ ನಾಲಿಗೆ ಏಳುತ್ತದೆ? ಕಡೆಗೆ ಯಾರೂ ಏನೂ ಅನ್ನುವುದು ಬೇಡ ಅಂತ ತೀರ್ಮಾನವಾಯಿತು.

ಹಡಗು ಜಾರತೊಡಗಿತು. ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಿಂತಿದ್ದಾರೆ. ಒಂದು ಸದ್ದಿಲ್ಲ. ಸಾವಿನ ಮನೆಯ ಹಾಗಿತ್ತು. ಬಾಸ್ ನನ್ನ ಕಿವಿಯಲ್ಲಿ, "ಇವರಿಗೆಲ್ಲ ಏನಾಗಿದೆ?" ಅಂದರು. ಅತ್ತೆ ಸೆರಗನ್ನು ಬಾಯಿಂದ ಸ್ವಲ್ಪ ಸರಿಸಿದರು. ಅವರನ್ನೇ ದಿಟ್ಟಿಸಿ 'ಬೇಡ' ಅಂತ ತಲೆಯಾಡಿಸಿದೆ. ಅವರೂ 'ಇಲ್ಲ' ಅಂತ ತಲೆಯಾಡಿಸಿದರು. ಹಡಗು ನೀರು ಮುಟ್ಟಿತು, ಓಲಾಡಿತು, ದಂಡೆ ಬಿಟ್ಟು ದೂರ ಸರಿಯಿತು. ಮುಗಿಯಿತು ಅಂತ ನಾನು ಉಸಿರು ಬಿಡುತ್ತಿದ್ದೆ. ಅತ್ತೆ ಎರಡು ಹೆಜ್ಜೆ ಮುಂದೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು:

"ದೀಪಾವಳಿಗೆ ಬಾರವಾ!"

ಆಮೇಲೆ ನನ್ನ ಕಡೆ ತಿರುಗಿ, "ಹೋಗಿ ಬಾ ಅಂತ ಅನ್ನಲಿಲ್ಲ ನೋಡು," ಅಂದರು.

ಏನಂದರು ಅಂತ ಬಾಸ್ ಕೇಳಿದರು. ಹಬ್ಬದ ಶುಭಾಶಯ ಅಂದೆ. ಸೋಮವಾರ ಆಫೀಸಿಗೆ ಹೋಗಿ, ಎರಡು ಕಂಬಗಳನ್ನು ಮತ್ತೆ ನೆಡುವುದು ಯಾವಾಗ ಅಂತ ಕೇಳಲು ಬಂದ ದೀಪದ ವಿಭಾಗದವನಿಗೆ ಕುರ್ಚಿ ಕೊಟ್ಟು ಕೂರಿಸಿದೆ. ದೀಪಾವಳಿ ಕಳೆಯಲಿ, ಆಮೇಲೆ ನೋಡೋಣ ಅಂತ ಹೇಳಿ ಕಳಿಸಿದೆ.